ಹೊನ್ನು ಹುಡುಕುವವರ ಸಲಕರಣೆ: ಕಪ್ಪತಗುಡ್ಡದ ಹಳ್ಳದಿಂದ ಕ್ಲಾಂಡೈಕ್‌ನ ಹಿಮದವರೆಗೆ

2020ರ ನವೆಂಬರಿನಲ್ಲಿ ನಿವಾರ್ ಚಂಡಮಾರುತ ಬಂದುಹೋದ ಮೇಲೆ ಉಪ್ಪಾಡದ ಜನ ಕಡಲದಂಡೆಗೆ ಇಳಿದು ಮರಳು ಜಾಲಾಡತೊಡಗಿದರು. ಉಪ್ಪಾಡ ಇರುವುದು ಆಂಧ್ರದ ಕರಾವಳಿಯಲ್ಲಿ, ಕಾಕಿನಾಡದ ಪಕ್ಕದಲ್ಲಿ. ಮೀನುಗಾರರೂ ನೇಕಾರರೂ ಬಾಳುವ ಈ ಊರನ್ನು ಕಡಲು ವರ್ಷವರ್ಷವೂ ಕೊರೆಯುತ್ತಿದೆ. ನೀರಿನ ಪಾಲಾದ ಹಳೆಯ ಮನೆ, ಗುಡಿಗಳ ಅಡಿಯಲ್ಲಿದ್ದ ಬಂಗಾರದ ಚೂರುಗಳನ್ನು ಬಿರುಗಾಳಿಯ ಅಲೆ ಮತ್ತೆ ದಡಕ್ಕೆ ತಂದು ಹಾಕುತ್ತದೆ ಎನ್ನುವುದು ಊರವರ ಮಾತು. ಮುದುಕಿಯರು, ಮಕ್ಕಳು, ಬಲೆ ಬಿಟ್ಟು ಬಂದ ಗಂಡಸರು, ಎಲ್ಲರೂ ಬಗ್ಗಿಕೊಂಡು ಹುಡುಕಿದರು. ಕೈಗೆ ಸಿಕ್ಕಿದ್ದೇ ಅವರ ಸಲಕರಣೆ.

ಇದೇ ಕರಾವಳಿಯಲ್ಲಿ ಬಡಗಣಕ್ಕೆ ಹೋದರೆ ವಿಶಾಖಪಟ್ಟಣ ದಾಟಿ ಭೀಮುನಿಪಟ್ಟಣ. ಅಲ್ಲಿ ಬಿಳಿ ಮರಳಿನ ಮೇಲೆ ಕರಿಮರಳಿನ ಪಟ್ಟೆಗಳು ಕಾಣುತ್ತವೆ. ಇಲ್ಮನೈಟ್, ಗಾರ್ನೆಟ್‌ನಂಥ ತೂಕದ ಖನಿಜಗಳ ಕಣಗಳು ಅವು. ಹಗುರವಾದ ಮರಳನ್ನು ಅಲೆ ಎಳೆದುಕೊಂಡು ಹೋಗುತ್ತದೆ, ಭಾರದ್ದು ಉಳಿಯುತ್ತದೆ. ಲೋಕದ ಯಾವ ಮೂಲೆಯಲ್ಲಿ ಯಾರು ಹೊನ್ನು ಹುಡುಕಲು ಹೊರಟರೂ ಅವರ ಸಲಕರಣೆ ಮಾಡುವುದು ಈ ಅಲೆಯ ಕೆಲಸವನ್ನೇ. ನಮ್ಮ ಗದಗಿನ ಹಳ್ಳದಲ್ಲೂ ಅಷ್ಟೇ, ಕೆನಡಾದ ಹಿಮಗಾಡಿನಲ್ಲೂ ಅಷ್ಟೇ.

ಲೆಕ್ಕ ಹೀಗಿದೆ. ನೀರಿನ ಸಾಂದ್ರತೆಯನ್ನು 1 ಎಂದು ಹಿಡಿದರೆ ಮರಳಿನ ಮುಖ್ಯ ಭಾಗವಾದ ಬೆಣಚುಕಲ್ಲಿನದು 2.65, ಕಬ್ಬಿಣದ ಅದಿರಾದ ಮ್ಯಾಗ್ನೆಟೈಟ್‌ನದು ಸುಮಾರು 5, ಅಪ್ಪಟ ಚಿನ್ನದ್ದು 19.3. ಗಾಳಿಯಲ್ಲಿ ತೂಗಿದರೆ ಒಂದೇ ಗಾತ್ರದ ಚಿನ್ನದ ಕಣ ಬೆಣಚುಕಲ್ಲಿನ ಕಣಕ್ಕಿಂತ ಸುಮಾರು ಏಳು ಪಟ್ಟು ಭಾರ. ನೀರೊಳಗೆ ಎರಡೂ ತಮ್ಮ ಗಾತ್ರದಷ್ಟು ನೀರಿನ ತೂಕವನ್ನು ಕಳೆದುಕೊಳ್ಳುತ್ತವೆ. ಆಗ ಬೆಣಚುಕಲ್ಲಿಗೆ ಉಳಿಯುವುದು 1.65, ಚಿನ್ನಕ್ಕೆ 18.3. ಅಂತರ ಹನ್ನೊಂದು ಪಟ್ಟಾಯಿತು! ಹೊನ್ನು ಹುಡುಕುವವರು ನೀರಿಗಾಗಿ ಅಷ್ಟು ಪರದಾಡುವುದು ಈ ಕಾರಣಕ್ಕೆ. ಮಣ್ಣು ತೊಳೆಯುವುದರ ಜೊತೆಗೆ ಹಗುರ ಯಾವುದು, ಭಾರ ಯಾವುದು ಎಂಬ ಅಂತರವನ್ನು ನೀರು ಹಿಗ್ಗಿಸಿಯೂ ಕೊಡುತ್ತದೆ. ಮಿರಿಮಿರಿ ಮಿಂಚಿ ಹೊಸಬರನ್ನು ಮೋಸಗೊಳಿಸುವ ಕಾಗೆಬಂಗಾರ ಈ ಪರೀಕ್ಷೆಯಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ನೀರು ಅಲುಗಿಸಿದೊಡನೆ ಮೇಲೆದ್ದು ತೇಲಿಹೋಗುತ್ತದೆ.

ಗದಗ ಜಿಲ್ಲೆಯ ಕಪ್ಪತಗುಡ್ಡದ ಸಾಲಿನಲ್ಲಿ ಈ ಲೆಕ್ಕವನ್ನು ಕೈಯಲ್ಲೇ ಬಲ್ಲವರಿದ್ದರು. ಅವರು ಜಲಗಾರರು. ಡೋಣಿ, ಸೊರಟೂರಿನ ಕಡೆಯ ಹಳ್ಳಗಳಲ್ಲಿ ಮಳೆ ಬಿದ್ದು ನೀರು ಹರಿದು ಇಳಿದ ಮೇಲೆ ಅವರ ಕೆಲಸ ಶುರುವಾಗುತ್ತಿತ್ತು. ಉಳಿದ ದಿನಗಳಲ್ಲಿ ಅಕ್ಕಸಾಲಿಗರ ಅಂಗಡಿಯ ಬೂದಿ, ಕಸ ಕೊಂಡು ತೊಳೆದು ಚೂರುಪಾರು ಚಿನ್ನ ತೆಗೆಯುತ್ತಿದ್ದರು. ಕಪ್ಪತಗುಡ್ಡದ ಹೊನ್ನಿನ ಬಗ್ಗೆ 1840ರ ಆಸುಪಾಸಿನಲ್ಲೇ ಕ್ಯಾಪ್ಟನ್ ನ್ಯೂಬೋಲ್ಡ್ ಬರೆದಿದ್ದ. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಇಲ್ಲಿನ ಬಂಡೆಗಳ ಬಗ್ಗೆ ವರದಿ ಪ್ರಕಟಿಸಿದ. ಜಲಗಾರನೊಬ್ಬ ಹಳ್ಳದಲ್ಲಿ ಮರಳು ತೊಳೆಯುವುದನ್ನು ಅವನು ಹತ್ತಿರ ನಿಂತು ನೋಡಿದ್ದ.

ಜಲಗಾರನ ಸರಂಜಾಮು ಒಂದು ಹೆಗಲ ಹೊರೆಯಷ್ಟೇ. ಹಗುರವಾದ ಮರದ ದೋಣಿ, ಅಂದರೆ ಒಂದು ತುದಿ ತೆರೆದ ತೊಟ್ಟಿ. ಬುಟ್ಟಿ, ಗುದ್ದಲಿ, ಮೋಟು ಪೊರಕೆ, ಮರದ ಮರಿಗೆ, ಒಂದಿಷ್ಟು ಪಾದರಸ. ಹಳ್ಳದ ಅಂಚಿನಲ್ಲಿ ಕಲ್ಲು ಕೊಟ್ಟು ದೋಣಿಯನ್ನು ಓರೆಯಾಗಿ ಇಡುವುದೇ ಅರ್ಧ ವಿದ್ಯೆ. ಓರೆ ಹೆಚ್ಚಾದರೆ ಚಿನ್ನವೂ ಕೊಚ್ಚಿಹೋಗುತ್ತದೆ, ಕಡಿಮೆಯಾದರೆ ಮರಳು ಕದಲುವುದೇ ಇಲ್ಲ. ಎಲ್ಲಿಂದ ಮಣ್ಣು ತುಂಬಬೇಕೆನ್ನುವುದು ಇನ್ನರ್ಧ. ಹಳ್ಳ ತಿರುವು ತೆಗೆದುಕೊಳ್ಳುವಲ್ಲಿ ಒಳಮಗ್ಗುಲು, ದೊಡ್ಡ ಬಂಡೆಯ ಹಿಂಬದಿ, ತಳದ ಕಲ್ಲಿನ ಬಿರುಕು, ಹುಲ್ಲಿನ ಬೇರಿನ ಬುಡ. ನೀರಿನ ಓಟ ಕುಗ್ಗುವ ಜಾಗಗಳು ಇವು, ಭಾರದ ಕಣ ಕೈಬಿಡುವುದು ಇಲ್ಲೇ. ಬುಟ್ಟಿಯ ಮಣ್ಣನ್ನು ದೋಣಿಗೆ ಸುರಿದು, ನೀರು ಹೊಯ್ದು, ಕೈಯಿಂದಲೂ ಪೊರಕೆಯಿಂದಲೂ ಕಲಕಿ, ದಪ್ಪ ಹರಳನ್ನು ಆಯ್ದೆಸೆದು, ಕೊನೆಗುಳಿದ ಕರಿಮರಳನ್ನು ಮರಿಗೆಗೆ ಗುಡಿಸಿಕೊಳ್ಳುವನು. ಆಮೇಲಿನದು ಮಣಿಕಟ್ಟಿನ ಕೆಲಸ. ಮರಿಗೆಯನ್ನು ನೀರಿನಲ್ಲಿ ಮುಳುಗಿಸಿ ಸುತ್ತು ತಿರುಗಿಸಿ ಓಲಿಸಿದಾಗ ಕರಿಮರಳು ಒಂದೊಂದೇ ಪದರವಾಗಿ ಅಂಚು ದಾಟುತ್ತದೆ, ತಳದ ಗುಳಿಯಲ್ಲಿ ಹಳದಿ ಗೆರೆಯೊಂದು ಎಳೆದುಕೊಳ್ಳುತ್ತದೆ.

ಕೋಲಾರದ ಗಣಿಯ ಕಥೆಯೂ ಇಂಥದೇ ಕೈಗಳಿಂದ ಶುರುವಾಯಿತು. 1802ರಲ್ಲಿ ಮೈಸೂರು ರಾಜ್ಯದ ಮೂಡಣ ಗಡಿಯ ಅಳತೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಉರಿಗಾಂ ಹಳ್ಳಿಯವರು ಕಣ್ಣೆದುರೇ ಮಣ್ಣು ತೊಳೆದು ಚಿನ್ನ ತೆಗೆದು ತೋರಿಸಿದರು. ಸುಮಾರು 56 ಕಿಲೋ ಮಣ್ಣಿಗೆ ಒಂದು ಗ್ರೇನ್ ಚಿನ್ನ ಎಂದು ಅವನು ಲೆಕ್ಕ ಹಾಕಿದ. ಒಂದು ಗ್ರೇನ್ ಅಂದರೆ ಗ್ರಾಮಿನ ಹದಿನೈದನೆಯ ಒಂದು ಪಾಲು. ವಾರನ್‌ನ ಬರಹ ಓದಿ 1871ರಲ್ಲಿ ಮೈಕಲ್ ಲವೆಲ್ ಎಂಬಾತ ಎತ್ತಿನ ಗಾಡಿ ಏರಿ ಬೆಂಗಳೂರಿನಿಂದ ಕೋಲಾರಕ್ಕೆ ಹೊರಟ. 1880ರಲ್ಲಿ ಗಣಿ ನಡೆಸಲು ಜಾನ್ ಟೇಲರ್ ಕಂಪನಿ ಬಂತು. 2001ರಲ್ಲಿ ಬಾಗಿಲು ಹಾಕುವ ಹೊತ್ತಿಗೆ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಬೆಂಗಳೂರಿನಲ್ಲಿ ಲವೆಲ್ಲನ ಹೆಸರಿನ ರಸ್ತೆ ಇದೆ. ಉರಿಗಾಂನ ಆ ಮಣ್ಣು ತೊಳೆದವರ ಒಂದು ಹೆಸರೂ ನಮಗೆ ಉಳಿದಿಲ್ಲ. ಕೋಲಾರದ ಚರಿತ್ರೆಯ ಮೊದಲ ಪುಟ ಅವರದು ಎಂದೇ ನಾನು ನಂಬಿದ್ದೇನೆ, ಶಾಲೆಯ ಪಾಠಗಳಲ್ಲೂ ಹಾಗೆಯೇ ಬರೆಯಬೇಕು.

ಹಟ್ಟಿಯ ಕಡೆಗೊಮ್ಮೆ ಕಣ್ಣು ಹಾಯಿಸಿ ಮುಂದೆ ಹೋಗೋಣ. ರಾಯಚೂರು ಜಿಲ್ಲೆಯ ಈ ಗಣಿಯಲ್ಲಿ ಹಳಬರು ಎರಡು ಸಾವಿರ ವರ್ಷಗಳ ಹಿಂದೆಯೇ ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಸಿಡಿಮದ್ದಿಲ್ಲದ ಕಾಲ. ಬಂಡೆಗೆ ಸೌದೆ ಒಟ್ಟಿ ಬೆಂಕಿ ಕೊಟ್ಟು, ಕಾದ ಮೇಲೆ ನೀರು ಎರಚಿ ಬಿರಿಸುತ್ತಿದ್ದರು. ಒಡೆದ ಕಲ್ಲನ್ನು ಅರೆದ ಗುಳಿಗಳು ಅಲ್ಲಿನ ಬಂಡೆಗಳ ಮೇಲೆ ಸಿಕ್ಕಿವೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೂ ಈ ಸೀಮೆಯಲ್ಲಿ ಚಿನ್ನದ ಜಾಡು ಹಿಡಿದಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿಗೆ.

ಬಂಡೆ ಒಡೆಯಲು ಹಟ್ಟಿಯವರು ಹಚ್ಚಿದ ಬೆಂಕಿಯನ್ನು ಕೆನಡಾದ ಯುಕಾನ್‌ನಲ್ಲಿ ಮಣ್ಣು ಕರಗಿಸಲು ಹಚ್ಚಬೇಕಾಯಿತು. 1896ರ ಆಗಸ್ಟಿನಲ್ಲಿ ಕ್ಲಾಂಡೈಕ್ ನದಿಯ ಉಪಹಳ್ಳವೊಂದರಲ್ಲಿ ಜಾರ್ಜ್ ಕಾರ್ಮ್ಯಾಕ್, ಅಲ್ಲಿನ ಮೂಲನಿವಾಸಿ ಟ್ಯಾಗಿಷ್ ಜನಾಂಗದ ಸ್ಕೂಕಮ್ ಜಿಮ್ ಮತ್ತು ಡಾಸನ್ ಚಾರ್ಲಿ ಚಿನ್ನ ಕಂಡರು. ಮರುವರ್ಷ ಜುಲೈಯಲ್ಲಿ ಚಿನ್ನ ಹೊತ್ತ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್ ಬಂದರುಗಳನ್ನು ಮುಟ್ಟಿದ್ದೇ ತಡ, ಸುಮಾರು ಒಂದು ಲಕ್ಷ ಜನ ಹೊರಟರು. ಗುಮಾಸ್ತರು, ಮೇಷ್ಟ್ರುಗಳು, ಅಂಗಡಿಯವರು. ಅವರಲ್ಲಿ ಹೆಚ್ಚಿನವರು ಅದುವರೆಗೆ ಗುದ್ದಲಿ ಹಿಡಿದವರಲ್ಲ.

ಅವರನ್ನು ಗಡಿಯಲ್ಲಿ ತಡೆದು ನಿಲ್ಲಿಸಿದ್ದು ಕೆನಡಾದ ಪೊಲೀಸರು. ವರ್ಷಕ್ಕಾಗುವಷ್ಟು ದಿನಸಿ ಇಲ್ಲದವನನ್ನು ಒಳಗೆ ಬಿಡುವುದಿಲ್ಲ ಎಂದರು. ಹಸಿವಿನಿಂದ ಸಾಯುವವರನ್ನು ಉಳಿಸಿದ ನಿಯಮ ಅದು, ಆ ಇಡೀ ಗದ್ದಲದಲ್ಲಿ ಯಾರಾದರೂ ಮಾಡಿದ ಅತಿ ಬುದ್ಧಿವಂತಿಕೆಯ ಕೆಲಸ. ಹಿಟ್ಟು, ಹಂದಿಮಾಂಸ, ಬೀನ್ಸ್, ಸಕ್ಕರೆಯ ಜೊತೆಗೆ ಡೇರೆ, ಒಲೆ, ಗುದ್ದಲಿ, ಸಲಿಕೆ, ಗರಗಸ, ಮೊಳೆ, ಹಗ್ಗ, ದೋಣಿಯ ಸಂದಿಗೆ ಬಳಿಯುವ ರಾಳ, ಪಾದರಸ ಎಲ್ಲ ಸೇರಿ ಒಬ್ಬೊಬ್ಬನ ಹೊರೆ ಒಂದು ಟನ್ನಿನ ಹತ್ತಿರ ಬರುತ್ತಿತ್ತು. ಹಿಟ್ಟೇ ಸುಮಾರು 180 ಕಿಲೋ. ಚಿಲ್ಕೂಟ್ ಕಣಿವೆಯ ದಾರಿಯಲ್ಲಿ ಕುದುರೆ ಹತ್ತುತ್ತಿರಲಿಲ್ಲ. ಹಿಮದಲ್ಲಿ ಕಡಿದ ಮೆಟ್ಟಿಲುಗಳ ಮೇಲೆ ಬೆನ್ನಿಗೆ ಒಂದಿಷ್ಟು ಕಟ್ಟಿಕೊಂಡು ಹತ್ತಿ, ಇಳಿಸಿ, ಮತ್ತೆ ಕೆಳಗೆ ಬಂದು, ಮತ್ತೆ ಹತ್ತಿ, ಹೀಗೆ ವಾರಗಟ್ಟಲೆ. ಆಚೆಯ ಬೆನೆಟ್ ಸರೋವರದ ದಡದಲ್ಲಿ ಚಳಿಗಾಲವೆಲ್ಲ ಮರ ಕಡಿದು, ಹಲಗೆ ಕೊಯ್ದು, ದೋಣಿ ಕಟ್ಟಿದರು. 1898ರ ಮೇ ಕೊನೆಯಲ್ಲಿ ಹಿಮ ಒಡೆದಾಗ ಏಳು ಸಾವಿರಕ್ಕೂ ಹೆಚ್ಚು ದೋಣಿಗಳು ಯುಕಾನ್ ನದಿಗುಂಟ ಹೊರಟವು.

ಅಲ್ಲಿ ಮುಟ್ಟಿದ ಮೇಲೆ ಎದುರಾದದ್ದು ನೆಲ. ಕೆಲವು ಅಡಿ ಕೆಳಗೆ ಬೇಸಗೆಯಲ್ಲೂ ಕರಗದ, ಗುದ್ದಲಿ ಬಿದ್ದರೆ ಠಣ್ಣೆನ್ನುವ ಮಣ್ಣು. ಚಿನ್ನ ಇದ್ದದ್ದು ಅದರ ತಳದಲ್ಲಿ, ಬಂಡೆಯ ಮೇಲಿನ ಜಲ್ಲಿಯಲ್ಲಿ. ಚಳಿಗಾಲದಲ್ಲಿ ರಾತ್ರಿ ಗುಂಡಿಯೊಳಗೆ ಸೌದೆ ಉರಿಸುವರು. ಬೆಳಗ್ಗೆ ಬೂದಿ ಬಳಿದು, ಕರಗಿದ ಅಷ್ಟೋ ಇಷ್ಟೋ ಮಣ್ಣನ್ನು ರಾಟೆಯಲ್ಲಿ ಮೇಲೆತ್ತುವರು. ಮತ್ತೆ ರಾತ್ರಿ ಬೆಂಕಿ. ಮೇಲೆತ್ತಿದ್ದು ಕ್ಷಣದಲ್ಲೇ ಮತ್ತೆ ಹೆಪ್ಪುಗಟ್ಟುವುದು. ತೊಳೆಯಲು ಹರಿಯುವ ನೀರೇ ಇಲ್ಲ! ಗುಡಿಸಲಿನ ಒಲೆಯ ಮೇಲೆ ಹಿಮ ಕರಗಿಸಿ, ಆ ನೀರಲ್ಲಿ ಒಂದು ತಟ್ಟೆ ಮಣ್ಣು ತೊಳೆದು ನೋಡಿ, ದಾರಿ ಸರಿ ಇದೆಯೇ ಎಂದು ತಿಳಿದುಕೊಳ್ಳುತ್ತಿದ್ದರು. ಉಳಿದ ರಾಶಿ ವಸಂತದವರೆಗೆ ಕಾಯಬೇಕು. ಆ ಬಿಡುವಿನಲ್ಲಿ ಕೊಯ್ದು ಜೋಡಿಸಿದ್ದೇ ಉದ್ದನೆಯ ಹಲಗೆ ಕಾಲುವೆಗಳು. ತಳದಲ್ಲಿ ಅಡ್ಡಪಟ್ಟಿ ಬಡಿದ ಈ ಕಾಲುವೆಯಲ್ಲಿ ನೀರು ಪಟ್ಟಿ ದಾಟುವಾಗ ಸುಳಿ ಹೊಡೆಯುತ್ತದೆ, ಭಾರದ ಕಣ ಪಟ್ಟಿಯ ಹಿಂದೆ ಸಿಕ್ಕಿಬೀಳುತ್ತದೆ. ಜಲಗಾರನ ದೋಣಿಯನ್ನೇ ಉದ್ದ ಮಾಡಿದಂತಿತ್ತು ಅದು. ಕೆಲವು ವರ್ಷಗಳಲ್ಲಿ ಬೆಂಕಿಯ ಬದಲು ಬಾಯ್ಲರಿನಿಂದ ಕೊಳವೆಯಲ್ಲಿ ಹಬೆ ಹಾಯಿಸಿ ನೆಲ ಕರಗಿಸುವುದು ರೂಢಿಗೆ ಬಂತು.

ಈಗಲೂ ಯುಕಾನ್, ಅಲಾಸ್ಕಾಗಳಲ್ಲಿ ಹವ್ಯಾಸಕ್ಕೆ, ಹೊಟ್ಟೆಪಾಡಿಗೆ ಚಿಕ್ಕ ಮಟ್ಟದಲ್ಲಿ ಹೊನ್ನು ಹುಡುಕುವವರಿದ್ದಾರೆ. ತೊಳೆಯುವ ಕೆಲಸ ಬೇಸಗೆಯ ಕೆಲವೇ ತಿಂಗಳು. ಉಳಿದ ಕಾಲ ಸಲಕರಣೆಯ ದುರಸ್ತಿ. ಅತಿ ಚಳಿಯಲ್ಲಿ ಯಂತ್ರಕ್ಕೆ ಮೊದಲ ಶತ್ರು ಒಳಗೆ ಉಳಿದ ನೀರು. ಮಂಜುಗಡ್ಡೆಯಾಗುವಾಗ ನೀರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಪಂಪಿನ ಎರಕದ ಕವಚ ಸೀಳಲು ಅಷ್ಟು ಸಾಕು. ಹಾಗಾಗಿ ಚಳಿ ಹಿಡಿಯುವ ಮೊದಲೇ ಪಂಪು, ಪೈಪುಗಳ ನೀರನ್ನು ಕಡೆಯ ಹನಿವರೆಗೆ ಬಸಿಯುತ್ತಾರೆ. ಅಂಗಡಿ ನೂರಾರು ಮೈಲಿ ದೂರ, ಹಾಗಾಗಿ ಬೆಲ್ಟು, ಸ್ಪಾರ್ಕ್ ಪ್ಲಗ್ಗು, ವಾಷರು ಎಲ್ಲ ಜೋಡಿ ಜೋಡಿ ಒಯ್ಯುತ್ತಾರೆ.

ಅವರ ಪ್ಲಾಸ್ಟಿಕ್ ತಟ್ಟೆಯನ್ನು ಕೈಗೆತ್ತಿಕೊಂಡು ನೋಡಬೇಕು. ಕಪ್ಪು ಅಥವಾ ಹಸಿರು ಬಣ್ಣ, ಹಳದಿ ಕಣ ಎದ್ದು ಕಾಣಲೆಂದು. ಒಂದು ಮಗ್ಗುಲಲ್ಲಿ ಮೂರು ನಾಲ್ಕು ಗೀರುಮೆಟ್ಟಿಲು. ಪ್ಲಾಸ್ಟಿಕ್ ಆದ್ದರಿಂದ ಅಡಿಯಲ್ಲಿ ಅಯಸ್ಕಾಂತ ಹಿಡಿದು ಮ್ಯಾಗ್ನೆಟೈಟ್ ಕಣಗಳನ್ನು ಸೆಳೆದು ಬೇರ್ಪಡಿಸಬಹುದು. ಹಳೆಯ ಕಬ್ಬಿಣದ ತಟ್ಟೆಯಾದರೆ ಮೊದಲು ಬೆಂಕಿಯಲ್ಲಿ ಕಾಯಿಸಿ ಎಣ್ಣೆ ಪಸೆ ಸುಡಬೇಕಿತ್ತು. ಎಣ್ಣೆ ಹತ್ತಿದ ತೆಳು ಚಿನ್ನದ ಹಪ್ಪಳಿಕೆ ಅಷ್ಟು ಭಾರವಿದ್ದೂ ನೀರಿನ ಮೇಲ್ಮೈಗೆ ಅಂಟಿಕೊಂಡು ತೇಲಿಬಿಡುತ್ತದೆ. ಕೈಯ ಜಿಡ್ಡೇ ಸಾಕು. ಅದಕ್ಕೆಂದೇ ಈಗ ತಟ್ಟೆಯ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಬಿಡುತ್ತಾರೆ, ಮೇಲ್ಮೈಯ ಬಿಗಿ ಸಡಿಲಿ ಚಿನ್ನ ಮುಳುಗುತ್ತದೆ.

ಪಾದರಸವನ್ನು ಮಾತ್ರ ಈ ಸರಂಜಾಮಿನಿಂದ ತೆಗೆದುಹಾಕಲೇಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನವನ್ನೂ ಅದು ಹಿಡಿದು ಮುದ್ದೆ ಮಾಡುತ್ತದೆ, ಮುದ್ದೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಆವಿಯಾದದ್ದು ಕಾಯಿಸುವವನ ಶ್ವಾಸಕೋಶಕ್ಕೆ, ಅಲ್ಲಿಂದ ನರಮಂಡಲಕ್ಕೆ ಹೋಗುತ್ತದೆ. ಹಳ್ಳಕ್ಕೆ ಸೇರಿದ್ದು ಮೀನಿನ ಮೂಲಕ ಊರಿನ ತಟ್ಟೆಗೆ ಬರುತ್ತದೆ. ಇಂದು ಜಗತ್ತಿನಲ್ಲಿ ಮನುಷ್ಯರಿಂದ ಗಾಳಿಗೆ ಸೇರುವ ಪಾದರಸದಲ್ಲಿ ಅತಿ ದೊಡ್ಡ ಪಾಲು ಚಿಕ್ಕ ಮಟ್ಟದ ಚಿನ್ನದ ಕೆಲಸದ್ದು. ಇದನ್ನು ತಗ್ಗಿಸಲೆಂದು ಮಾಡಿಕೊಂಡ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಭಾರತವೂ ಅದಕ್ಕೆ ಸೇರಿದೆ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ಗುದ್ದಲಿ ಹಾಕುವಂತಿಲ್ಲ, ಹಾಕಬಾರದು ಕೂಡ. ಔಷಧಿ ಸಸ್ಯಗಳಿಗೆ ಹೆಸರಾದ ಆ ಗುಡ್ಡವನ್ನು ಉಳಿಸಲು ಗದಗಿನ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಆದರೆ ಮರಿಗೆಯ ವಿದ್ಯೆಯನ್ನು ಮನೆಯಲ್ಲೇ ಕಲಿಯಬಹುದು. ಹಿಮ ನಾಡಿನ ಹವ್ಯಾಸಿಗಳು ಚಳಿಗಾಲದಲ್ಲಿ ಮನೆಯೊಳಗೆ ಮಾಡುವ ಅಭ್ಯಾಸ ಇದು. ಮೀನುಬಲೆಗೆ ಕಟ್ಟುವ ಸೀಸದಿಂದ ಹತ್ತು ಸಣ್ಣ ಚೂರು ಕತ್ತರಿಸಿ ಸುತ್ತಿಗೆಯಿಂದ ಚಪ್ಪಟೆ ಮಾಡಿಕೊಳ್ಳಿ. ಸೀಸದ ಸಾಂದ್ರತೆ 11.3, ಅದು ನಿಂತರೆ ಚಿನ್ನ ನಿಂತೇ ನಿಲ್ಲುತ್ತದೆ. ಒಂದು ಬೋಗುಣಿ ಮರಳಿಗೆ ಅವನ್ನು ಬೆರೆಸಿ, ದೊಡ್ಡ ಟಬ್ಬಿನ ನೀರೊಳಗೆ ಅಗಲ ತಟ್ಟೆಯಲ್ಲಿ ತೊಳೆಯಿರಿ. ಮೊದಲು ಜೋರಾಗಿ ಅಕ್ಕಪಕ್ಕ ಅಲುಗಿಸಿ, ಭಾರದ್ದು ಅಡಿಗೆ ಇಳಿಯಲಿ. ಆಮೇಲಷ್ಟೇ ಓರೆ ಮಾಡಿ ಮೇಲಿನ ಮರಳು ಹೊರಗೆ ಬಿಡಿ. ಮತ್ತೆ ಅಲುಗಿಸಿ, ಮತ್ತೆ ಓರೆ. ಕೊನೆಗೆ ಚೂರುಗಳನ್ನು ಎಣಿಸಿ. ಹತ್ತರಲ್ಲಿ ಕಡಿಮೆ ಬಂದರೆ ಅಲುಗಿಸಿದ್ದು ಸಾಲದು, ಇಲ್ಲವೇ ಓರೆ ಹೆಚ್ಚಾಯಿತು ಎಂದರ್ಥ. ಟಬ್ಬಿನ ತಳದಲ್ಲಿ ಉಳಿದ ಚೂರುಗಳನ್ನು ಹುಡುಕಿ ತೆಗೆಯಿರಿ. ಸೀಸ ವಿಷ, ಆ ನೀರನ್ನು ಗಿಡಕ್ಕೆ ಹಾಕಬೇಡಿ, ಊಟಕ್ಕೆ ಮೊದಲು ಕೈ ಚೆನ್ನಾಗಿ ತೊಳೆಯಿರಿ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.