ಮೂವರು ಮಕ್ಕಳಿದ್ದೂ ಬಿರುದಿಗೆ ವಾರಸುದಾರನಿಲ್ಲ

ಪ್ರಶ್ನೆ: ಐರ್ಲೆಂಡಿನ ‘ನೈಟ್ ಆಫ್ ಗ್ಲಿನ್’ ಬಿರುದು ಹೊತ್ತ ಕೊನೆಯವರಿಗೆ ಮಕ್ಕಳಿದ್ದರಂತೆ. ಆದರೂ ಬಿರುದು ನಿಂತುಹೋದದ್ದೇಕೆ?

ಮಕ್ಕಳಿದ್ದರು, ಆದರೆ ಮೂವರೂ ಹೆಣ್ಣು. ಮುಖ್ಯ ಕಾರಣ ಅದೇ! ಶ್ಯಾನನ್ ನದಿಯ ದಂಡೆಯಲ್ಲಿರುವ ಗ್ಲಿನ್‌ನ ಫಿಟ್ಸ್‌ಜೆರಾಲ್ಡ್ ಮನೆತನದಲ್ಲಿ ಈ ಬಿರುದು ಸುಮಾರು 700 ವರ್ಷ ಗಂಡುಸಂತತಿಯಲ್ಲೇ ಹರಿದುಬಂತು.

ಇಂಥ ಬಿರುದು ಸಾಗುವ ಬಗೆ ತಿಳಿಯಲು ಗದ್ದೆಗೆ ನೀರು ಹಾಯಿಸುವ ಕಾಲುವೆ ನೆನಪಿಸಿಕೊಳ್ಳಿ. ನೀರು ಮೊದಲು ಹಿರಿಮಗನ ಕವಲಿಗೆ, ಅಂದರೆ ಅವನಿಗೂ ಅವನ ಗಂಡುಮಕ್ಕಳಿಗೂ ಹೋಗುತ್ತದೆ. ಆ ದಾರಿ ಮುಚ್ಚಿದ್ದರೆ ಕಿರಿಮಗನ ಕವಲಿಗೆ. ಅದೂ ಇಲ್ಲದಿದ್ದರೆ ಹಿಂದಕ್ಕೆ ಸರಿದು ತಮ್ಮನ ಕವಲು, ಆಮೇಲೆ ಚಿಕ್ಕಪ್ಪನದು, ಹೀಗೆ ಮೇಲಕ್ಕೆ. ಹೆಣ್ಣಿನ ಕವಲಿಗೆ ಮಾತ್ರ ಮೊದಲೇ ಮಣ್ಣು ಹಾಕಿಟ್ಟಿರುತ್ತಾರೆ. ಅವಳಿಗೆ ಮಗ ಹುಟ್ಟಿದರೂ ಅತ್ತ ಹನಿ ನೀರಿಲ್ಲ.

29ನೆಯ ನೈಟ್ ಡೆಸ್ಮಂಡ್ ಫಿಟ್ಸ್‌ಜೆರಾಲ್ಡ್, ಐರಿಷ್ ವಾಸ್ತುಕಲೆಯ ದೊಡ್ಡ ವಿದ್ವಾಂಸ, 2011ರಲ್ಲಿ ತೀರಿಕೊಂಡಾಗ ಬಿರುದು ಮುಂದುವರಿಸಲು ಗಂಡು ವಾರಸುದಾರನಿರಲಿಲ್ಲ. ಅರಮನೆಯಂಥ ಮನೆಯನ್ನು ಮಗಳಿಗೆ ಬಿಟ್ಟುಕೊಡಬಹುದು. ಬಿರುದನ್ನು ಉಯಿಲಿನಲ್ಲಿ ಬರೆದಿಡಲಾಗದು. ಸರ್ಕಾರವೇ ಹೊಸದಾಗಿ ಕೊಡಲಿ ಎಂದರೆ, 1937ರ ಐರ್ಲೆಂಡ್ ಸಂವಿಧಾನ ಅಂಥ ಕುಲೀನ ಬಿರುದು ಕೊಡುವುದನ್ನೇ ನಿಷೇಧಿಸಿದೆ.