ಸಂಬಳದ ಲೆಕ್ಕ ಮತ್ತು ವಾರದ ನಲವತ್ತು ಗಂಟೆ

ಗಣಕಯಂತ್ರದ ಮುಂದೆ ದುಡಿಯುವ ಮಗನೋ ಸೊಸೆಯೋ ಇಲ್ಲದ ಕನ್ನಡ ಮನೆ ಮಹಾನಗರಗಳಲ್ಲಿ ಇಂದು ವಿರಳವೆನ್ನಬಹುದು. ಅವರ ಬಾಯಲ್ಲಿ ‘ಅಜೈಲ್’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಜೈಲ್ ಎಂದರೆ ಚುರುಕು. ಇಡೀ ತಂತ್ರಾಂಶವನ್ನು ವರ್ಷಗಟ್ಟಲೆ ಸಿದ್ಧಪಡಿಸಿ ಕೊನೆಗೊಮ್ಮೆ ಒಪ್ಪಿಸುವ ಬದಲು, ಎರಡು-ಮೂರು ವಾರಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಮಾಡಿ ತೋರಿಸಿ ತಿದ್ದಿಕೊಳ್ಳುತ್ತ ಸಾಗುವ ವಿಧಾನವಿದು. ಚುರುಕೆಂದರೆ ರಾತ್ರಿಯವರೆಗೆ ದುಡಿಯುವುದೆಂದು ಹಲವು ಕಚೇರಿಗಳು ಭಾವಿಸಿರುವುದು ಸೋಜಿಗ.

ಅಮೆರಿಕದ ಮೋಟಾರು ಸಂಸ್ಥೆ ಕ್ರೈಸ್ಲರ್, ತನ್ನ ಸುಮಾರು 87,000 ನೌಕರರ ವೇತನದ ಲೆಕ್ಕವನ್ನು ಒಂದೇ ತಂತ್ರಾಂಶಕ್ಕೆ ಒಳಪಡಿಸಲು 1990ರ ದಶಕದಲ್ಲಿ ‘ಸಿ-ತ್ರೀ’ ಎಂಬ ಯೋಜನೆಯನ್ನು ಕೈಗೊಂಡಿತು. 1996ರ ವೇಳೆಗೆ ಕೆಲಸ ಕುಂಟತೊಡಗಿತ್ತು. ಸಲಹೆಗಾರರಾಗಿ ಬಂದ ಕೆಂಟ್ ಬೆಕ್, ಬರೆದುದನ್ನು ಬದಿಗಿರಿಸಿ ಹೊಸದಾಗಿ ತೊಡಗಲು ಸೂಚಿಸಿದರು. ರಾನ್ ಜೆಫ್ರೀಸ್ ತಂಡದ ಮಾರ್ಗದರ್ಶಕರಾದರು. ಬೇಕಾದ ಒಂದೊಂದು ಅಂಶವನ್ನೂ ರಟ್ಟಿನ ಚೀಟಿಯ ಮೇಲೆ ಬರೆದು, ಮೂರು ವಾರಕ್ಕೆ ಹಿಡಿಸುವಷ್ಟನ್ನೇ ಎತ್ತಿಕೊಳ್ಳುವುದು, ಇಬ್ಬರು ಒಂದೇ ತೆರೆಯ ಮುಂದೆ ಕುಳಿತು ಬರೆಯುವುದು, ಹೊಸದೇನು ಸೇರಿಸಿದರೂ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ನಡೆಸುವುದು ಆ ಸಣ್ಣ ತಂಡದ ಕ್ರಮವಾಯಿತು. ದಿನದ ಲೆಕ್ಕ ಅಂದೇ ತಾಳೆಯಾಗಬೇಕೆಂಬ ಬ್ಯಾಂಕಿನ ಪದ್ಧತಿಯನ್ನು ಬಲ್ಲವರಿಗೆ ಇದರ ಸೊಗಸು ಬೇಗನೆ ತಿಳಿದೀತು. 1997ರಲ್ಲಿ, ಗೊತ್ತುಪಡಿಸಿದ ದಿನಕ್ಕಿಂತ ತುಸು ತಡವಾಗಿ, ಸುಮಾರು 10,000 ಮಾಸಿಕ ವೇತನದಾರರ ಸಂಬಳ ಹೊಸ ವ್ಯವಸ್ಥೆಯಿಂದ ಬಟವಾಡೆಯಾಯಿತು.

ಈ ಅನುಭವದ ಬಳಿಕ ಬೆಕ್ 1999ರಲ್ಲಿ ಪ್ರಕಟಿಸಿದ ಗ್ರಂಥದ ಹನ್ನೆರಡು ನಿಯಮಗಳಲ್ಲಿ ವಾರಕ್ಕೆ ನಲವತ್ತು ಗಂಟೆಯ ದುಡಿಮೆಯೂ ಒಂದು. ಒಂದು ವಾರ ಹೆಚ್ಚು ದುಡಿದರೆ ಮರುವಾರ ಕೂಡದು. ಮತ್ತೆಯೂ ಹಾಗೆ ದುಡಿಯಬೇಕಾಗಿ ಬಂದರೆ ಯೋಜನೆಯಲ್ಲೇ ದೋಷವಿದೆಯೆಂದು ತಿಳಿಯತಕ್ಕದ್ದು. ದಣಿದ ಕಣ್ಣು ತಪ್ಪನ್ನು ಕಾಣದೆಂಬುದಷ್ಟೇ ಇಲ್ಲಿನ ಲಾಭವಲ್ಲ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಮೀರಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಪ್ರತಿಶತ, ಹೃದ್ರೋಗದಿಂದ ಸಾಯುವ ಅಪಾಯ 17 ಪ್ರತಿಶತ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ತಿಳಿಸಿವೆ.

ಆದರೆ ಸಿ-ತ್ರೀ ಯೋಜನೆಯಲ್ಲಿ ಒಂದು ಕುರ್ಚಿಗೆ ಈ ರಕ್ಷಣೆ ದೊರೆಯಲಿಲ್ಲ. ಕೆಲಸ ಮಾಡಿಸಿಕೊಳ್ಳುವವರ ಪ್ರತಿನಿಧಿಯೊಬ್ಬರು ತಂಡದೊಡನೆ ಇರತಕ್ಕದ್ದೆಂಬುದು ಈ ವಿಧಾನದ ಕಟ್ಟಳೆ. ಯಾವುದು ಮೊದಲು, ಯಾವ ಕಡಿತ ಹೇಗೆ, ಫಲಿತಾಂಶ ಸರಿಯೇ ಎಂಬ ಪ್ರಶ್ನೆಗಳೆಲ್ಲ ಅವರ ಬಳಿಗೇ ಬರುತ್ತವೆ. ಬರೆಯುವವರು ಜೋಡಿಯಾಗಿ ಭಾರ ಹಂಚಿಕೊಂಡರೆ, ಉತ್ತರಿಸುವವರು ಒಂಟಿ. ಮೊದಲ ಬಟವಾಡೆಯಾದ ಕೆಲವೇ ತಿಂಗಳಲ್ಲಿ ಆ ಪ್ರತಿನಿಧಿ ಬಳಲಿಕೆ ಹಾಗೂ ಮಾನಸಿಕ ಒತ್ತಡದಿಂದ ಕೆಲಸ ತ್ಯಜಿಸಿದರು. ಆ ಸ್ಥಾನಕ್ಕೆ ತಕ್ಕವರು ದೊರೆಯಲಿಲ್ಲ. ಉಳಿದ ನೌಕರರ ವೇತನ ಹೊಸ ವ್ಯವಸ್ಥೆಗೆ ಬರುವ ಮೊದಲೇ, 2000ದ ಫೆಬ್ರವರಿಯಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಸಂಸ್ಥೆಯ ಒಡೆತನವೂ ಅಷ್ಟರಲ್ಲಿ ಬದಲಾಗಿತ್ತಾದ್ದರಿಂದ, ಎಲ್ಲವನ್ನೂ ಆ ಖಾಲಿ ಕುರ್ಚಿಯ ಖಾತೆಗೇ ಬರೆಯುವುದು ನ್ಯಾಯವಾಗದು.

ಮರುವರ್ಷ ಯೂಟಾ ಪ್ರಾಂತದ ಸ್ನೋಬರ್ಡ್‌ನಲ್ಲಿ ಬೆಕ್, ಜೆಫ್ರೀಸ್ ಸೇರಿದಂತೆ ಹದಿನೇಳು ಮಂದಿ ಕಲೆತು ಅಜೈಲ್ ಘೋಷಣೆಯನ್ನು ಹೊರತಂದರು. ಹಣ ಒದಗಿಸುವವರು, ತಂತ್ರಾಂಶ ರಚಿಸುವವರು, ಅದನ್ನು ಬಳಸುವವರು, ಈ ಮೂವರೂ ಎಷ್ಟು ಕಾಲವಾದರೂ ಕಾಯ್ದುಕೊಳ್ಳಬಲ್ಲ ಸಮಗತಿಯಲ್ಲಿ ನಡೆಯಬೇಕೆಂಬುದು ಅದರ ತತ್ತ್ವಗಳಲ್ಲೊಂದು. ಇಂದು ಲೆಕ್ಕಪತ್ರ ವಿಭಾಗದಿಂದ ಒಬ್ಬರನ್ನು ಇಂಥ ತಂಡಕ್ಕೆ ಕಳುಹಿಸುವಾಗ, ಅವರ ಹಳೆಯ ಮೇಜಿನ ಕೆಲಸವನ್ನು ಬೇರೆಯವರಿಗೆ ವಹಿಸಲಾಗಿದೆಯೇ, ಪ್ರಶ್ನೆಗಳಿಗೆ ಉತ್ತರಿಸಲು ಇನ್ನೊಬ್ಬರು ಜತೆಗಿರುವರೇ ಎಂಬುದನ್ನು ಮೊದಲ ಚೀಟಿ ಬರೆಯುವ ಮುನ್ನವೇ ಕೇಳಬೇಕಾಗಿದೆ.