ನಕ್ಷೆ ಸಿದ್ಧ, ಕತೆ ಎಲ್ಲಿ?

ಫ್ಯಾಂಟಸಿ ಕಾದಂಬರಿ ಬರೆಯಹೊರಟ ಮಲೆನಾಡಿನ ಹುಡುಗ ಹುಡುಗಿಯರಿಗೆ ಸಾಮಗ್ರಿಯ ಬರವಿಲ್ಲ. ಸಾಗರದ ಮಗ್ಗುಲಲ್ಲೇ ಕೆಳದಿ, ಇಕ್ಕೇರಿ. ಹೊಸನಗರ ತಾಲ್ಲೂಕಿನಲ್ಲಿ ಬಿದನೂರು, ಅಂದರೆ ಈಗಿನ ನಗರ. ತೀರ್ಥಹಳ್ಳಿ ಕಡೆಗೆ ಬಂದರೆ ಕವಲೇದುರ್ಗ. ಕೆಳದಿ ನಾಯಕರ ಒಂದೇ ರಾಜಮನೆತನ ಮೂರು ತಾಲ್ಲೂಕುಗಳಲ್ಲಿ ಕೋಟೆ, ಗುಡಿ, ಕೊಳ ಬಿಟ್ಟುಹೋಗಿದೆ. ತೊಡಕು ಶುರುವಾಗುವುದು ಇಲ್ಲೇ. ನಕ್ಷೆ ಬರೆದು, ವಂಶಾವಳಿ ಹಾಕಿ, ನಾಣ್ಯಕ್ಕೆ ಹೆಸರಿಟ್ಟು, ದೇವತೆಗಳ ವ್ಯಾಜ್ಯ ಬಗೆಹರಿಸುವಷ್ಟರಲ್ಲಿ ಮಳೆಗಾಲಗಳು ಕಳೆದಿರುತ್ತವೆ; ಮೊದಲ ಅಧ್ಯಾಯ ಮಾತ್ರ ಹುಟ್ಟಿರುವುದಿಲ್ಲ.

ಲೋಕ ಕಟ್ಟುವ ಹುಚ್ಚು ಈ ಮಣ್ಣಿಗೆ ಹೊಸದೇನಲ್ಲ. ಕೆಳದಿಯ ಬಸವಪ್ಪ ನಾಯಕ 18ನೇ ಶತಮಾನದ ಆರಂಭದಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶ ರಚಿಸಿದ. 108 ತರಂಗಗಳು. ಲೋಕದ ಸೃಷ್ಟಿಯಿಂದ ಹಿಡಿದು ರಾಜನೀತಿ, ವಾಸ್ತು, ಸಂಗೀತ, ಪಾಕಶಾಸ್ತ್ರದವರೆಗೆ ಎಲ್ಲವೂ ಅದರಲ್ಲಿದೆ. ಇಂದಿನ ಯಾವ ಫ್ಯಾಂಟಸಿ ಲೇಖಕನೂ ಅಸೂಯೆಪಡಬೇಕು. ಆದರೆ ಓದುಗ ನಿದ್ದೆಗೆಟ್ಟು ಪುಟ ತಿರುವುವಂಥ ಕತೆ ಬೇಕೆಂದರೆ ಆ ಅರಸನ ಸಾಕುತಾಯಿ ಚೆನ್ನಮ್ಮಾಜಿಯ ಬಳಿಗೇ ಹೋಗಬೇಕು. ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಚೆನ್ನಮ್ಮಾಜಿ ಆಶ್ರಯ ಕೊಟ್ಟಳು, ಔರಂಗಜೇಬನ ಸೇನೆಯನ್ನು ಮೈಮೇಲೆ ಎಳೆದುಕೊಂಡಳು. ಒಬ್ಬಳು ಒಂದು ನಿರ್ಧಾರ ಮಾಡಿದಳು, ಅದಕ್ಕೊಂದು ಬೆಲೆ ಬಿತ್ತು. ರಾಜ್ಯದ ಗಡಿ ಎಲ್ಲಿಯವರೆಗೆ, ಬೊಕ್ಕಸದಲ್ಲಿ ಎಷ್ಟಿದೆ, ಯಾವ ಘಟ್ಟ ಕಾಯಬೇಕು ಎಂಬ ವಿವರಗಳೆಲ್ಲ ಆಮೇಲೆ ತಾವಾಗಿಯೇ ಬೇಕಾಗುತ್ತವೆ.

ಟಾಲ್ಕೀನ್ ಕೂಡ ಇದಕ್ಕೆ ಸಾಕ್ಷಿ. ಯೌವನದಿಂದಲೂ ಕಟ್ಟುತ್ತಿದ್ದ ಪುರಾಣಲೋಕ ‘ಸಿಲ್ಮರಿಲಿಯನ್’ ಅವರ ಜೀವಿತದಲ್ಲಿ ಮುಗಿಯಲಿಲ್ಲ. ಮಗ ಸಂಪಾದಿಸಿ 1977ರಲ್ಲಿ ಹೊರತಂದರು. 1937ರಲ್ಲೇ ಜನರ ಕೈ ಸೇರಿದ್ದು ಮನೆ ಬಿಟ್ಟು ಹೊರಟ ಒಬ್ಬ ಹಾಬಿಟ್‌ನ ಕತೆ.

ಕುಪ್ಪಳಿಯ ಕುವೆಂಪು ವಿಷಯ ಇದಕ್ಕಿಂತ ಸ್ವಾರಸ್ಯಕರ. ‘ಶ್ರೀ ರಾಮಾಯಣ ದರ್ಶನಂ’ ಬರೆಯುವಾಗ ಅವರು ಲೋಕ ಕಟ್ಟುವುದರಲ್ಲಿ ಸ್ವಲ್ಪವೂ ಜಿಪುಣತನ ತೋರಲಿಲ್ಲ. ರಾಮ ಮಾಲ್ಯವಂತ ಬೆಟ್ಟದಲ್ಲಿ ಕಾಲ ಕಳೆಯುವಾಗ ಸುರಿಯುವುದು ಸಾಕ್ಷಾತ್ ತೀರ್ಥಹಳ್ಳಿ ಸೀಮೆಯ ಮಳೆ. ಅಷ್ಟು ಹೊತ್ತು ಕಾಡಿನಲ್ಲಿ ನಿಲ್ಲಲು ಅವರಿಗೆ ಸಾಧ್ಯವಾದದ್ದು, ನನ್ನ ಲೆಕ್ಕದಲ್ಲಿ, ಮುಂದೇನಾಗುತ್ತದೆ ಎಂಬುದು ಓದುಗರಿಗೆ ಮೊದಲೇ ಗೊತ್ತಿದ್ದರಿಂದ. ಸೀತೆ ಸಿಗುತ್ತಾಳೆಂಬ ಭರವಸೆ ಇದ್ದವರು ಮಳೆ ನೋಡುತ್ತ ಕೂರಬಲ್ಲರು. ಹೊಸ ಕತೆ ಹೇಳುವವರಿಗೆ ಈ ಸಾಲ ಹುಟ್ಟುವುದಿಲ್ಲ.

ಅದೇ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು ‘ಸಂಸ್ಕಾರ’ ಬರೆದರು. ಅದರಲ್ಲಿನ ದೂರ್ವಾಸಪುರವೂ ಕಲ್ಪಿತ ಲೋಕವೇ. ನಾರಣಪ್ಪನೆಂಬಾತನ ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಇದೊಂದೇ ಕಟ್ಟಳೆಯಿಂದ ಮಡಿ, ಜಾತಿ, ಆಸೆ, ಭಯ ಎಲ್ಲ ಹೊರಬೀಳುತ್ತವೆ. ಮಾಂತ್ರಿಕ ಲೋಕಕ್ಕೆ ನೂರು ನಿಯಮ ಬರೆಯುವವರು ಇದನ್ನೊಮ್ಮೆ ಓದಬೇಕು.

ನಮ್ಮ ಕಡೆಯ ತಾಳಮದ್ದಳೆಯಲ್ಲೂ ಹೀಗೆಯೇ. ವೇಷವಿಲ್ಲ, ಕುಣಿತವಿಲ್ಲ; ಅರ್ಥಧಾರಿಯ ಮಾತಿನಲ್ಲೇ ಹಸ್ತಿನಾಪುರ ಎದ್ದು ನಿಲ್ಲಬೇಕು. ಆತ ಹತ್ತಾರು ಪುರಾಣ ಓದಿಕೊಂಡೇ ಬಂದಿರುತ್ತಾನೆ. ಆದರೆ ಎದುರಿಗೆ ಕೂತ ಕೃಷ್ಣನ ಮಾತಿಗೆ ಉತ್ತರವಾಗಿ ಬೇಕಾದಷ್ಟನ್ನೇ ತೆಗೆಯುತ್ತಾನೆ. ಪಾಂಡಿತ್ಯ ಲಂಬಿಸತೊಡಗಿದರೆ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ!

ಹಾಗೆಂದು ಟಿಪ್ಪಣಿಗಳನ್ನು ಒಲೆಗೆ ಹಾಕಬೇಕಾಗಿಲ್ಲ. ದಿನದ ಬರವಣಿಗೆ ಮುಗಿದ ಮೇಲೆ ನಕ್ಷೆಯ ಮುಂದೆ ಕೂರಲಿ, ಮೊದಲಲ್ಲ. ಈ ಪುಸ್ತಕದಲ್ಲಿ ಹಿಡಿಸದ್ದು ಮುಂದಿನದಕ್ಕೆ ಇದ್ದೇ ಇರುತ್ತದೆ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ. 31 ವರ್ಷಗಳ ನಂತರ ಅವರು ಅದೇ ಸೀಮೆಯನ್ನು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗಾಗಿ ಮತ್ತೆ ತೆರೆದರು. ಅಷ್ಟು ವಿಸ್ತಾರದ ಲೋಕದೊಳಗೆ ನಮ್ಮನ್ನು ಕರೆದೊಯ್ಯುವುದು ನಾಯಿ ಹುಲಿಯನ ಜೊತೆ ನಡೆದುಕೊಂಡು ಹೊರಟ ಗುತ್ತಿ. ಅವನಿಗೆ ಮಲೆನಾಡು ತೋರಿಸುವ ಉದ್ದೇಶವೇ ಇಲ್ಲ. ತಾನು ಮೆಚ್ಚಿದ ತಿಮ್ಮಿಯನ್ನು ಕರೆತರಬೇಕು, ಅಷ್ಟೆ.